ಹನ್ನೊಂದು ಗಂಟೆಯ ನಡುಕ

ಸೋಮವಾರ ಬೆಳಿಗ್ಗೆ ಹತ್ತು ಐವತ್ತೆರಡಕ್ಕೆ ಫಕೀರವ್ವನ ಕೈಗೆ ಕಟ್ಟಿದ್ದ ಪಟ್ಟಿ ಔಷಧಿ ಹರಿಸುವುದನ್ನು ತಾನಾಗಿಯೇ ನಿಲ್ಲಿಸಿತು. ಧಾರವಾಡದ ನಮ್ಮ ನಿಗಾ ಕೊಠಡಿಯಲ್ಲಿ, ನನ್ನೆದುರಿನ ಪರದೆಯ ಮೇಲೆ, ‘ಹನ್ನೊಂದನೆಯ ಮನೆ, ನಾಲ್ಕನೆಯ ಹಾಸಿಗೆ’ ಎಂಬ ಸಾಲು ಕೆಂಪಾಯಿತು. ಪಕ್ಕದಲ್ಲಿ ಒಂದೇ ಪದ: ನಡುಕ.

ಹನ್ನೊಂದನೆಯ ಮನೆ ಇರುವುದು ಹುಬ್ಬಳ್ಳಿಯಲ್ಲಿ. ಅಲ್ಲಿ ಇಪ್ಪತ್ತೆರಡು ಜನ ಹಿರಿಯರಿದ್ದಾರೆ. ಮನೆ ನೋಡಿಕೊಳ್ಳುವ ಶಂಕ್ರಮ್ಮನಿಗೆ ಫೋನ್ ಮಾಡಿದೆ.

“ಶಂಕ್ರಮ್ಮಾರ, ಫಕೀರವ್ವಗ ಚಳಿ ಬಂದು ನಡಗಾಕತ್ತಾರೇನ್ರಿ?”

“ಇಲ್ರಿ ಮೇಡಂ. ಆರಾಮ ಮಲಗ್ಯಾರ.”

“ಒಂದೀಟು ಮೈ ಮುಟ್ಟಿ ನೋಡ್ರಿ.”

ಫೋನಿನಲ್ಲಿ ಚಪ್ಪಲಿಯ ಸದ್ದು, ಗಾಲಿಯಂತಹದ್ದೇನೋ ಉರುಳಿದ್ದು, ಯಾರೋ ಕೆಮ್ಮಿದ್ದು ಕೇಳಿಸಿತು. ಸ್ವಲ್ಪ ಹೊತ್ತಾದ ಮೇಲೆ ಆಕೆಯ ದನಿ. “ಕೈ ಬೆಚ್ಚಗದಾವ್ರಿ. ಜ್ವರ ಏನಿಲ್ಲ. ಚಹಾ ಕೇಳಾಕತ್ತಾರ.”

ಇಪ್ಪತ್ತು ನಿಮಿಷದ ನಂತರ ಪಟ್ಟಿ ಮತ್ತೆ ತೆರೆದುಕೊಂಡಿತು. ದಾಖಲೆಯಲ್ಲಿ ‘ಮೊದಲನೆಯದು’ ಎಂದು ಬರೆದೆ.

ನಮ್ಮ ಕೆಲಸವೇನೆಂದು ಕೇಳಿದವರಿಗೆ ಹೀಗೆ ಹೇಳುತ್ತೇನೆ. ಮೊದಲೆಲ್ಲ ರಕ್ತನಾಳದ ಮೂಲಕ ಔಷಧಿ ಹೋಗಬೇಕೆಂದರೆ ಮನುಷ್ಯ ಆಸ್ಪತ್ರೆಗೆ ಹೋಗಬೇಕಿತ್ತು. ಔಷಧಿಗಾಗಿ ಅಲ್ಲ, ಕಾವಲಿಗಾಗಿ. ಬಾಟಲಿ ತೂಗುಹಾಕುವುದು ಯಾರಿಂದಲಾದರೂ ಆಗುತ್ತದೆ. ಹನಿ ಇಳಿಯುವಾಗ ಏನಾದರೂ ಕೆಟ್ಟರೆ ಕಂಡುಹಿಡಿಯುವವರು ಬೇಕು. ಆ ಕಾವಲನ್ನು ದೂರದಿಂದ ಕಾಯುವಂತಾದರೆ ಮುದುಕರು ತಮ್ಮ ಹಾಸಿಗೆ ಬಿಟ್ಟು ಏಕೆ ಹೋಗಬೇಕು? ಈ ಪ್ರಶ್ನೆಯಿಂದ ಪಟ್ಟಿ ಹುಟ್ಟಿತು.

ಅದು ಮೊಣಕೈ ಕೆಳಗೆ ಕಟ್ಟುವ, ನಾಲ್ಕು ಬೆರಳಗಲದ ವಸ್ತು. ಚರ್ಮದೊಳಗೆ ಬೆಳಕು ಬಿಟ್ಟು ನಾಳ ಹುಡುಕಿಕೊಳ್ಳುತ್ತದೆ, ಕೂದಲಿಗಿಂತ ತುಸು ದಪ್ಪನೆಯ ಮೆತ್ತನೆಯ ಕೊಳವೆಯೊಂದನ್ನು ಅದರೊಳಗೆ ಇಳಿಸುತ್ತದೆ. ಆ ದಿನದ ಔಷಧಿ ಸುಣ್ಣದ ಡಬ್ಬಿಯಷ್ಟು ಗಾತ್ರದ ಕೋಶದಲ್ಲಿರುತ್ತದೆ. ನರ್ಸ್ ಬಂದು ಹಳೆಯ ಕೋಶ ತೆಗೆದು ಹೊಸದನ್ನು ಕೂರಿಸಿ ಮುಂದಿನ ಮನೆಗೆ ಹೋಗುತ್ತಾಳೆ. ಎರಡು ಗಂಟೆ ಔಷಧಿ ಹರಿಯುವಾಗ ಪಟ್ಟಿ ಮೂರು ಸಂಗತಿಗಳನ್ನು ಗಮನಿಸುತ್ತಿರುತ್ತದೆ: ನಾಡಿ, ಚರ್ಮದ ಬಿಸಿ, ಕೈಯ ಅಲುಗಾಟ. ಔಷಧಿ ಒಗ್ಗದಿದ್ದರೆ, ಇಲ್ಲವೇ ಸೋಂಕು ರಕ್ತಕ್ಕೆ ಹಬ್ಬಿದರೆ, ಮನುಷ್ಯ ಗಡಗಡ ನಡುಗುತ್ತಾನೆ, ನಾಡಿ ಓಡುತ್ತದೆ, ಮೈ ಸುಡುತ್ತದೆ. ಮೂರೂ ಒಟ್ಟಿಗೆ ಕಂಡರೆ ಪಟ್ಟಿ ನಿಲ್ಲುತ್ತದೆ.

ಏಳು ದಿನಗಳಲ್ಲಿ ಮೂರು ಸಲ ಹಾಗಾದರೆ ಯಾರನ್ನೂ ಕೇಳದೆ ಆಂಬುಲೆನ್ಸ್ ಹೊರಡುತ್ತದೆ. ಈ ನಿಯಮ ಸುಮ್ಮನೆ ಬಂದದ್ದಲ್ಲ. ಮೊದಲ ವರ್ಷ ನಾವು ಫೋನಿನಲ್ಲಿ ವಿಚಾರಿಸುತ್ತ ಕೂತಿದ್ದಾಗ ಒಬ್ಬರು ತೀರಿಕೊಂಡಿದ್ದರು.

ಹಿರಿಯರ ಮನೆಗಳಲ್ಲಿ ಕ್ಯಾಮೆರಾ ಇಡುವುದಿಲ್ಲ. ಅವರ ಮನೆ, ಅವರ ಕೋಣೆ. ಆದ್ದರಿಂದ ನಮಗೆ ಕಾಣುವುದು ಪಟ್ಟಿ ಕಳಿಸುವ ಗೆರೆಗಳು ಮಾತ್ರ.

ಫಕೀರವ್ವನಿಗೆ ಎಪ್ಪತ್ತನಾಲ್ಕು. ಮೂವತ್ತು ವರ್ಷ ಖಾನಾವಳಿ ನಡೆಸಿದವಳು. ಸಕ್ಕರೆ ಕಾಯಿಲೆಯಿಂದ ಎಡಗಾಲಿನ ಹಿಮ್ಮಡಿಯ ಎಲುಬಿಗೆ ಸೋಂಕಾಗಿತ್ತು. ಆರು ವಾರ ಔಷಧಿ ಹೋಗಬೇಕಿತ್ತು, ಎರಡು ವಾರ ಮುಗಿದಿತ್ತು. ಹಿಂದಿನ ವರ್ಷ ಅವಳು ಹದಿನೆಂಟು ದಿನ ಆಸ್ಪತ್ರೆಯಲ್ಲಿದ್ದಳೆಂದು ಕಡತದಲ್ಲಿತ್ತು. ಮೂರನೆಯ ದಿನಕ್ಕೆ ತಾನೆಲ್ಲಿದ್ದೇನೆಂಬ ಅರಿವು ಹೋಯಿತು. ಕೊಳವೆ ಕಿತ್ತುಕೊಂಡಳು. ಕೈಗಳನ್ನು ಮಂಚದ ಸರಳಿಗೆ ಬ್ಯಾಂಡೇಜ್ ಬಟ್ಟೆಯಿಂದ ಕಟ್ಟಿದರು. ಎಡಗೈಯ ನಾಳಗಳು ಆಗಲೇ ಕೆಟ್ಟವು, ಈಗ ಪಟ್ಟಿ ಬಲಗೈಗೆ. ಹಿಂತಿರುಗಿದ ಮೇಲೆ ಒಂದು ತಿಂಗಳು ಶಂಕ್ರಮ್ಮನನ್ನು ತೀರಿಹೋದ ತಂಗಿಯ ಹೆಸರಿನಿಂದ ಕರೆಯುತ್ತಿದ್ದಳಂತೆ.

‘ಚಿಕಿತ್ಸೆ ಎಲ್ಲಿ ಬೇಕು?’ ಎಂಬ ಪ್ರಶ್ನೆಗೆ ಒಪ್ಪಿಗೆ ಪತ್ರದಲ್ಲಿ ಅರ್ಧ ಪುಟ ಜಾಗವಿದೆ. ಅವಳು ದೊಡ್ಡ ಅಕ್ಷರಗಳಲ್ಲಿ ಒಂದೇ ಪದ ಬರೆದಿದ್ದಳು: ಇಲ್ಲೇ.

ಮಂಗಳವಾರ ಹತ್ತು ಐವತ್ತೆಂಟಕ್ಕೆ ಆ ಸಾಲು ಮತ್ತೆ ಕೆಂಪಾಯಿತು. ಮತ್ತೆ ಶಂಕ್ರಮ್ಮ, ಮತ್ತೆ ಆರಾಮ, ಮತ್ತೆ ಚಹಾ.

ನಿಗಾ ಕೊಠಡಿಯ ಡಾಕ್ಟರ ಹೆಸರು ಅಣ್ಣಿಗೇರಿ. ಅವರು ನನ್ನ ಕುರ್ಚಿಯ ಹಿಂದೆ ಬಂದು ನಿಂತರು.

“ಎರಡು ದಿನ, ಒಂದೇ ಹೊತ್ತಿಗೆ. ಔಷಧ ಒಗ್ಗವಲ್ತು ಅಕಿಗೆ.”

“ರಕ್ತ ಪರೀಕ್ಷೆ ಚಲೋ ಬಂದದ ಸರ್. ಸೋಂಕು ಅರ್ಧಕ್ಕರ್ಧ ಇಳದದ.”

“ಮತ್ತ ನಡಗೋದ್ಯಾಕ?”

“ಗೊತ್ತಿಲ್ರಿ.”

“ಗೊತ್ತಿಲ್ಲ ಅನ್ನೋದಕ್ಕಽ ಆಸ್ಪತ್ರಿ ಇರೋದು, ಶೈಲಾ.” ಅವರು ಕಟುವಾಗಿ ಹೇಳಲಿಲ್ಲ. “ನಾಳೆ ಇನ್ನೊಮ್ಮೆ ಆದ್ರ ಗಾಡಿ ಹೋಗ್ತದ. ನಾನೂ ತಡಿಯಾಂಗಿಲ್ಲ, ನೀವೂ ತಡಿಯಾಂಗಿಲ್ಲ.”

“ಹೊತ್ತು ಬದಲಿ ಮಾಡಿ ನೋಡೋಣೇನ್ರಿ?”

“ನರ್ಸ್ ಬರೋದು ಹತ್ತಕ್ಕ. ಆಮ್ಯಾಲ ಆಕಿಗೆ ಇನ್ನೂ ನಾಕು ಮನಿ ಅವ.”

ಅವರು ಹೋದ ಮೇಲೆ ಎರಡೂ ದಿನದ ಗೆರೆಗಳನ್ನು ಒಂದರ ಕೆಳಗೊಂದು ಇಟ್ಟೆ. ಜ್ವರದ ನಡುಕದ ಗೆರೆಗಳನ್ನು ನಾನು ನೂರಾರು ನೋಡಿದ್ದೇನೆ. ಅವು ಮುಳ್ಳುಕಂಟಿಯ ಹಾಗೆ, ಎಲ್ಲಿ ಶುರು ಎಲ್ಲಿ ಕೊನೆ ತಿಳಿಯುವುದಿಲ್ಲ. ಇದು ಹಾಗಿರಲಿಲ್ಲ. ಸುಮಾರು ಮೂವತ್ತು ಸೆಕೆಂಡು ದಟ್ಟವಾಗಿ, ನಂತರ ಹನ್ನೆರಡು ಸೆಕೆಂಡು ಖಾಲಿ, ಮತ್ತೆ ಮೂವತ್ತು. ಹಲ್ಲು ಮುರಿದ ಬಾಚಣಿಗೆಯ ಹಾಗೆ.

ಆ ಸಂಜೆ ಮನೆಯಲ್ಲಿ ಅನ್ನಕ್ಕಿಟ್ಟು ಅಡುಗೆಮನೆಯ ಕಟ್ಟೆಗೆ ಒರಗಿ ನಿಂತಿದ್ದೆ. ಮನೆಯಲ್ಲಿ ನಾವಿಬ್ಬರೇ, ನಾನು ಮತ್ತು ಅತ್ತೆ. ನನ್ನ ಗಂಡ ಬಸವರಾಜ ತೀರಿಹೋಗಿ ಎರಡು ವರ್ಷ ಒಂಬತ್ತು ತಿಂಗಳಾಗಿತ್ತು. ಅತ್ತೆ ಮೆಂತ್ಯೆ ಸೊಪ್ಪು ಬಿಡಿಸುತ್ತಿದ್ದರು. ಪಕ್ಕದ ಮನೆಯ ಶಾರದಾ ರೊಟ್ಟಿ ಮಾಡಿ ಮಾರುತ್ತಾಳೆ. ಆರು ಗಂಟೆಗೆ ಅವಳ ಬಡಿತ ಶುರುವಾಗುತ್ತದೆ.

“ಗ್ವಾಡಿ ಬೀಳೂಹಂಗ ಬಡೀತಾಳ ನೋಡು,” ಎಂದರು ಅತ್ತೆ. “ರೊಟ್ಟಿ ಮ್ಯಾಲ ಸಿಟ್ಟೋ, ಗಂಡನ ಮ್ಯಾಲ ಸಿಟ್ಟೋ.”

ನಾನು ಎಣಿಸುತ್ತಿದ್ದೆ. ಬೇಕೆಂದು ಎಣಿಸಿದ್ದಲ್ಲ, ದಿನವಿಡೀ ಗೆರೆಗಳ ಸೆಕೆಂಡು ಎಣಿಸಿದ ಮೇಲೆ ತಲೆ ತಾನಾಗಿ ಎಣಿಸುತ್ತದೆ. ನಲವತ್ತು ಸೆಕೆಂಡು ಬಡಿತ. ನಂತರ ನಿಶ್ಶಬ್ದ. ಅಷ್ಟರಲ್ಲಿ ರೊಟ್ಟಿ ಹಂಚಿಗೆ ಹೋಗಿರುತ್ತದೆ, ನೀರು ಸವರಿರುತ್ತಾಳೆ, ಹೊಸ ಹಿಟ್ಟು ಕೈಗೆ ಬಂದಿರುತ್ತದೆ. ಮತ್ತೆ ಬಡಿತ.

ಒಲೆ ಆರಿಸಿದೆ.

“ಅತ್ತಿ, ಒಂದು ರೊಟ್ಟಿ ಬಡಿಯಾಕ ಎಷ್ಟು ಹೊತ್ತು ಬೇಕು?”

“ಯಾರು ಬಡಿಯೋದು ಅನ್ನೋದರ ಮ್ಯಾಲ ಅದ.”

“ಮೂವತ್ತು ವರ್ಷ ಖಾನಾವಳಿ ನಡಿಸಿದವರು.”

“ಹಂಗಾದ್ರ ನೀ ಕೇಳಿ ಮುಗಸೋದ್ರಾಗ ಆಗಿರ್ತದ.”

ನನ್ನ ಕೈಗಡಿಯಾರ ಬಿಚ್ಚಿ ಅತ್ತೆಯ ಬಲಗೈಗೆ ಕಟ್ಟಿದೆ. ಪಟ್ಟಿಯಷ್ಟು ಜಾಣತನ ಅದಕ್ಕಿಲ್ಲ, ಆದರೆ ಅಲುಗಾಟ ಬರೆದುಕೊಳ್ಳುತ್ತದೆ. ಒಂದು ರೊಟ್ಟಿ ಬಡಿದು ತೋರಿಸಿ ಎಂದೆ.

“ಜ್ವಾಳದ ಹಿಟ್ಟು ಎಲ್ಲದ ಮನ್ಯಾಗ?”

ಇರಲಿಲ್ಲ. ಬಸವರಾಜ ಹೋದ ಮೇಲೆ ನಾವು ತಂದಿರಲಿಲ್ಲ.

ಅತ್ತೆ ನನ್ನ ಮುಖ ನೋಡಿದರು. ಮಣೆ ಎಳೆದುಕೊಂಡು ನೆಲದ ಮೇಲೆ ಕೂತರು. ಇಲ್ಲದ ಹಿಟ್ಟನ್ನು ಮಣೆಯ ಮೇಲಿಟ್ಟು, ಅಂಗೈ ಚಪ್ಪಟೆ ಮಾಡಿ ಬಡಿಯತೊಡಗಿದರು. ಎಡಗೈ ಅದನ್ನು ತಿರುಗಿಸುತ್ತಿತ್ತು. ರೊಟ್ಟಿ ದೊಡ್ಡದಾದಂತೆ ಬಲಗೈ ಅಂಚಿಗೆ ಸರಿಯಿತು. ಮುಗಿದ ಮೇಲೆ ಎತ್ತಿ ಬಲಕ್ಕೆ ಹಂಚಿನ ಮೇಲೆ ಹಾಕಿದರು. ಅಲ್ಲಿ ಹಂಚಿರಲಿಲ್ಲ.

“ಸಾಕೇನು?”

“ಇನ್ನೊಂದ್ರಿ.”

ಇನ್ನೊಂದು ಬಡಿದರು. ಗಡಿಯಾರದ ಪುಟ್ಟ ಪರದೆಯಲ್ಲಿ ಬಾಚಣಿಗೆ ಮೂಡಿತ್ತು.

ಅವತ್ತು ನನಗೆ ಉಳಿದದ್ದೂ ಹೊಳೆಯಿತು. ಒಲೆಯ ಮುಂದೆ ಕೂತರೆ ಕೈ ಬಿಸಿಯಾಗುತ್ತದೆ. ರೊಟ್ಟಿ ಬಡಿದರೆ ನಾಡಿ ಏರುತ್ತದೆ. ಮೂರೂ ಲಕ್ಷಣ ಕೂಡಿದವು. ಮೊದಲ ಎರಡು ವಾರ ಫಕೀರವ್ವ ಎದ್ದು ಕೂರುವ ಸ್ಥಿತಿಯಲ್ಲಿರಲಿಲ್ಲ, ಆಗ ಪಟ್ಟಿ ತೆಪ್ಪಗಿತ್ತು. ಈಗ ಅವಳಿಗೆ ಗುಣವಾಗುತ್ತಿತ್ತು. ಗುಣವಾಗುತ್ತಿದ್ದುದಕ್ಕೆ ಅವಳನ್ನು ಆಸ್ಪತ್ರೆಗೆ ಒಯ್ಯುವವರಿದ್ದೆವು.

ಬುಧವಾರ ನನಗೆ ರಜೆ. ಒಂಬತ್ತಕ್ಕೆ ಶಂಕ್ರಮ್ಮನಿಗೆ ಫೋನ್ ಮಾಡಿದೆ.

“ಫಕೀರವ್ವ ಅಡಿಗಿಮನಿಗೆ ಹೋಗ್ತಾರೇನ್ರಿ?”

“ಇಲ್ರಿ, ಇಲ್ರಿ. ಹಾಸಿಗಿ ಬಿಟ್ಟು ಇಳಿಯಾಂಗಿಲ್ರಿ ಅವರು,” ಎಂದಳು. ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಬಂದಿತ್ತು.

ಹೀಗಾಗಿ ಬಸ್ಸು ಹತ್ತಿದೆ. ಹತ್ತೂವರೆಗೆ ಅಲ್ಲಿರಬೇಕೆಂದುಕೊಂಡಿದ್ದೆ. ಆಟೊ ಸಿಕ್ಕಿದ್ದು ತಡವಾಗಿ. ಮನೆಯ ಗೇಟಿನಲ್ಲಿ ಇಳಿದಾಗ ಹತ್ತು ನಲವತ್ತು. ಫೋನ್ ನಡುಗಿತು. ಅಣ್ಣಿಗೇರಿಯವರು.

“ಮೂರನೇದ್ದಾತು,” ಎಂದರು. “ಗಾಡಿ ಹೊಂಟದ.”

ಮುಂಬಾಗಿಲಿಗೆ ಹೋಗದೆ ಹಿತ್ತಲ ಕಡೆಯಿಂದ ಅಡುಗೆಮನೆಗೆ ನುಗ್ಗಿದೆ. ಗಾಲಿಕುರ್ಚಿಯಲ್ಲಿ ಕುಳಿತ ಮುದುಕಿಯೊಬ್ಬಳು, ಬ್ಯಾಂಡೇಜ್ ಕಟ್ಟಿದ ಎಡಗಾಲನ್ನು ಸ್ಟೂಲಿನ ಮೇಲೆ ಚಾಚಿದ್ದಳು. ಮುಂದೆ ತಗ್ಗಿನ ಮೇಜು, ಮಣೆ, ಪಕ್ಕದಲ್ಲಿ ಹಂಚು. ಬಲಗೈಯ ಪಟ್ಟಿಯ ಮೇಲೆ ಪ್ಲಾಸ್ಟಿಕ್ ಚೀಲ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿದ್ದಳು. ಅಡುಗೆಯ ಹಸೀನಾ ಕುರ್ಚಿಯ ಹಿಡಿಕೆ ಹಿಡಿದು, ನಮ್ಮ ಫೋನ್ ಬರುವ ಮೊದಲೇ ಅವಳನ್ನು ಹಾಸಿಗೆಗೆ ತಳ್ಳಿಕೊಂಡು ಓಡುವ ತಯಾರಿಯಲ್ಲಿದ್ದಳು. ಶಂಕ್ರಮ್ಮ ಒದ್ದೆ ಬಟ್ಟೆಯಿಂದ ಮುದುಕಿಯ ಎಡಗೈ ಒರೆಸುತ್ತಿದ್ದಳು.

ಮೂವರೂ ನನ್ನನ್ನು ನೋಡಿ ನಿಂತರು.

“ನಾನು ಧಾರವಾಡದ ಶೈಲಾ. ದಿನಾ ಫೋನ್ ಮಾಡ್ತೀನಲ್ಲ, ಅಕಿನಽ.”

“ಮುಗೀತ್ ಬಿಡು,” ಎಂದಳು ಫಕೀರವ್ವ, ಹಸೀನಾಳಿಗೆ. “ನಾ ಹೇಳಿದ್ದಿಲ್ಲೇನು, ಸಂಶಯ ಬಂದದ, ಇವತ್ತು ಲಗೂ ಶುರು ಮಾಡೂಣಂತ.”

“ಗಾಡಿ ಹೊಂಟದ್ರಿ,” ಎಂದೆ. “ನಿಮ್ಮನ್ನ ಕರಕೊಂಡು ಹೋಗಾಕ.”

ಶಂಕ್ರಮ್ಮನ ಕೈಯಿಂದ ಬಟ್ಟೆ ಬಿತ್ತು. “ತಪ್ಪಾತ್ರಿ ಮೇಡಂ. ರೊಟ್ಟಿ ಮಾಡೋದು ಗೊತ್ತಾದ್ರ ಆಸ್ಪತ್ರಿಗೆ ಕಳಸ್ತಾರಂತ ಮುಚ್ಚಿಟ್ವಿ. ಔಷಧ ಹೋಗೂವಾಗ ಮಲಗೇ ಇರಬೇಕಂತ ಕಾಗದದಾಗ ಬರದದಲ್ರಿ.”

“ರೊಟ್ಟಿ ಮಾಡಿದ್ದಕ್ಕಲ್ರಿ ಗಾಡಿ ಬರೋದು. ನೀವು ಹೇಳದ ಇದ್ದಿದ್ದಕ್ಕ. ಆ ಪಟ್ಟಿ ಇವರ ರೊಟ್ಟಿನ್ನ ನಡುಕ ಅಂತ ತಿಳದದ.”

ಹಂಚಿನ ಮೇಲಿದ್ದ ರೊಟ್ಟಿ ಉಬ್ಬಿತು. ಫಕೀರವ್ವ ಅಭ್ಯಾಸದಿಂದ ಅದನ್ನು ತಿರುವಿ ಹಾಕಿದಳು.

“ಇಷ್ಟು ಓದಿದ ಯಂತ್ರಕ್ಕ ರೊಟ್ಟಿ ಗೊತ್ತಿಲ್ಲೇನವ್ವಾ?”

“ಯಾರೂ ಕಲಿಸಿಲ್ರಿ.”

ಅಣ್ಣಿಗೇರಿಯವರು ಫೋನಿನಲ್ಲಿ ಇನ್ನೂ ಇದ್ದರು. ಎಲ್ಲ ಕೇಳಿಸಿತ್ತು.

“ಶೈಲಾ, ಗಾಡಿ ತಿರಗಸಬೇಕಂದ್ರ ನಾ ಕಾರಣ ಬರೀಬೇಕು. ಏನ್ ಬರೀಲಿ? ರೊಟ್ಟಿ ಅಂತ ಬರೀಲೇನು? ಅಕಿಗೆ ಖರೇನ ನಡುಕ ಇದ್ದು, ನಾ ರೊಟ್ಟಿ ಅಂತ ಬರದು, ನಾಳೆ ಅಕಿ ಸತ್ತರ?”

“ನೀವು ಪರದೆ ನೋಡ್ಕೋತ ಇರ್ರಿ ಸರ್. ನಾನು ಏನೂ ಹೇಳಂಗಿಲ್ಲ. ನಿಮಗ ಏನ್ ಕಾಣ್ತದ ಅಷ್ಟಽ ಹೇಳ್ರಿ.”

ಫೋನನ್ನು ಡಬ್ಬಿಗೆ ಒರಗಿಸಿ ಸ್ಪೀಕರ್ ಹಾಕಿದೆ. ಫಕೀರವ್ವನಿಗೆ ಕೈಸನ್ನೆ ಮಾಡಿದೆ. ಅವಳು ಹಿಟ್ಟು ತೆಗೆದುಕೊಂಡು ಮಣೆಯ ಮೇಲಿಟ್ಟಳು. ಬಡಿಯತೊಡಗಿದಳು.

“ಶುರುವಾತು,” ಎಂದಿತು ಫೋನು.

ಕೈ ಎತ್ತಿ ತೋರಿಸಿದೆ. ಅವಳು ನಿಲ್ಲಿಸಿದಳು.

“ನಿಂತ್ತು.”

ಇಪ್ಪತ್ತು ಸೆಕೆಂಡು ಕಾದೆ. ಮತ್ತೆ ಸನ್ನೆ. “ಶುರುವಾತು.” ಮತ್ತೆ ತಡೆದೆ. “ನಿಂತ್ತು.” ಒಮ್ಮೆ ಐದೇ ಬಡಿತ. “ಸಣ್ಣದೊಂದು ಬಂತು.” ಒಮ್ಮೆ ಒಂದು ನಿಮಿಷ ಬಿಡದೆ. ಫಕೀರವ್ವನ ಹಣೆಯಲ್ಲಿ ಬೆವರು ಮೂಡಿತು. ಅವಳು ಮಣೆಯನ್ನು ನೋಡುತ್ತಿರಲಿಲ್ಲ, ನನ್ನ ಕೈಯನ್ನೇ ನೋಡುತ್ತಿದ್ದಳು. ಮೂವತ್ತು ವರ್ಷದಲ್ಲಿ ಎಷ್ಟು ಸಾವಿರ ರೊಟ್ಟಿ ಬಡಿದಿದ್ದಳೋ. ಆ ರೊಟ್ಟಿ ಮಾತ್ರ ಹರಿದು ಮೂರು ತುಂಡಾಯಿತು.

“ಒಲಿಯಿಂದ ದೂರ ಸರಸ್ರಿ ಅಕಿನ್ನ,” ಎಂದರು ಅಣ್ಣಿಗೇರಿ. “ಕೈ ತೊಡಿ ಮ್ಯಾಲ ಇಟ್ಟು ಸುಮ್ನ ಕುಂದ್ರಾಕ ಹೇಳ್ರಿ.”

ಹಸೀನಾ ಕುರ್ಚಿಯನ್ನು ಕಿಟಕಿಗೆ ಎಳೆದಳು. ನಾವು ನಾಲ್ವರೂ ಕಾದೆವು. ಎರಡು ನಿಮಿಷ ಯಾರೂ ಅಲುಗಲಿಲ್ಲ. ಫಕೀರವ್ವ ಉಸಿರು ಹಿಡಿದದ್ದು ಕಂಡು, “ಉಸರು ಬಿಡ್ರಿ, ಅದಕ್ಕೇನೂ ಆಗಂಗಿಲ್ಲ,” ಎಂದೆ.

“ನಾಡಿ ಇಳೀತು,” ಎಂದರು ಡಾಕ್ಟರು. “ಬಿಸಿ ಇಳೀತು.” ಕೀಲಿಮಣೆಯ ಸದ್ದು ಕೇಳಿಸಿತು. ಬಹಳ ಹೊತ್ತು ಬರೆದರು. “ಗಾಡಿಗೆ ಹೇಳೀನಿ. ಇದು ಬರೇ ಇವತ್ತಿಗೆ. ನಾಳೆಯಿಂದ ಹ್ಯಾಂಗಂತ ನೀವು ಬಂದು ಕೂಡ್ರಿ, ನೋಡೂಣು.”

ಗಾಡಿಗೆ ಹೇಳುವಷ್ಟರಲ್ಲಿ ಅದು ಗೇಟಿಗೆ ಬಂದುಬಿಟ್ಟಿತ್ತು. ಡ್ರೈವರ್ ಮತ್ತು ಜೊತೆಗಿದ್ದವನು ಸ್ಟ್ರೆಚರ್ ಇಳಿಸಿಕೊಂಡು ಒಳಗೆ ಬಂದರು. ಪೇಷಂಟ್ ಯಾರು ಎಂದು ಕೇಳಿದರು.

“ನಾನಽ,” ಎಂದಳು ಫಕೀರವ್ವ. “ಕುಂದರ್ರಿ. ಬದನಿಕಾಯಿ ಎಣ್ಣಿಗಾಯಿ ಅದ.”

ಅವರು ಸ್ಟ್ರೆಚರನ್ನು ಗೋಡೆಗೆ ಒರಗಿಸಿ ಕೂತರು. ನಾನೂ ಕೂತೆ. ಎರಡು ರೊಟ್ಟಿ ತಿಂದೆ. ಬಹಳ ದಿನಗಳ ಮೇಲೆ, ತಿನ್ನುತ್ತಿರುವುದು ಏನೆಂದು ಗೊತ್ತಾಗುವಂತೆ ತಿಂದೆ.

ಗುರುವಾರ ಅಣ್ಣಿಗೇರಿಯವರೂ ನಾನೂ ಪಟ್ಟಿ ತಯಾರಿಸಿದ ಕಂಪನಿಯವರೊಂದಿಗೆ ಮಾತಾಡಿದೆವು. ತಪ್ಪು ಎಲ್ಲಿದೆಯೆಂದು ಅವರೇ ಹೇಳಿದರು. ಪಟ್ಟಿ ಕಲಿತ ಪಾಠವೆಲ್ಲ ಆಸ್ಪತ್ರೆಯ ಹಾಸಿಗೆಗಳಲ್ಲಿ ಮಲಗಿದ್ದವರ ಕೈಗಳಿಂದ. ಅಲ್ಲಿ ಕೈ ಅಲುಗಿದರೆ ಅದು ಕಾಯಿಲೆಯೇ. ನಾವು ಔಷಧಿಯನ್ನು ಮನೆಗೆ ತಂದಿದ್ದೆವು, ಕಾವಲುಗಾರ ಮಾತ್ರ ಆಸ್ಪತ್ರೆಯಲ್ಲೇ ಉಳಿದಿದ್ದ.

ಹೊಸ ನಿಯಮವನ್ನು ಅಣ್ಣಿಗೇರಿಯವರು ಬರೆದರು. ಬಾಚಣಿಗೆಯಂತಹ ಅಲುಗಾಟ ಕಂಡರೆ ಪಟ್ಟಿ ಔಷಧಿ ತಡೆದು ಕಾಯಬೇಕು. ಕೈ ನಿಂತು ಎರಡು ನಿಮಿಷದೊಳಗೆ ನಾಡಿಯೂ ಬಿಸಿಯೂ ಇಳಿದರೆ ಮತ್ತೆ ಹರಿಸಬೇಕು. ಇಳಿಯದಿದ್ದರೆ ನಮ್ಮನ್ನು ಕೂಗಬೇಕು. ಔಷಧಿ ಮುಗಿಯುವುದು ಅರ್ಧ ಗಂಟೆ ತಡವಾಗುತ್ತದೆ, ಅಷ್ಟೇ. ಪ್ಲಾಸ್ಟಿಕ್ ಚೀಲದ ಬದಲು ಹಿಟ್ಟು ನುಗ್ಗದ ಒಂದು ತೋಳುಚೀಲವನ್ನು ನರ್ಸ್ ರೇಣುಕಾ ಹೊಲಿಸಿಕೊಟ್ಟಳು.

ನಂತರ ನಾನು ಹಳೆಯ ಕಡತ ತೆಗೆದೆ. ಕಳೆದ ನಾಲ್ಕು ತಿಂಗಳಲ್ಲಿ ‘ನಡುಕ’ ಎಂದು ಹದಿನಾರು ಮಂದಿ ಆಸ್ಪತ್ರೆಗೆ ಹೋಗಿದ್ದರು. ಅವರಲ್ಲಿ ಐವರ ಗೆರೆ ಬಾಚಣಿಗೆಯ ಹಾಗಿತ್ತು. ಐವರೂ ಹೆಂಗಸರು. ಇಬ್ಬರು ತಮ್ಮ ಮನೆಗೆ ಮರಳಿದ್ದರು. ಒಬ್ಬರು ಅಲ್ಲಿಯೇ ತೀರಿಕೊಂಡಿದ್ದರು. ಕಾರಣ ಬೇರೆ ಎಂದು ಬರೆದಿತ್ತು. ಇರಬಹುದು. ಇಬ್ಬರು ಇನ್ನೂ ಅಲ್ಲಿದ್ದರು.

ಮನೆಗಳಿಗೆ ಫೋನ್ ಮಾಡಿ ಈ ಸಲ ನೇರವಾಗಿಯೇ ಕೇಳಿದೆ. ಮೂವರು ರೊಟ್ಟಿ ಬಡಿಯುತ್ತಿದ್ದವರು. ಒಬ್ಬರು ಚಟ್ನಿಪುಡಿ ಕುಟ್ಟುತ್ತಿದ್ದರು. ಗದಗಿನ ಇಪ್ಪತ್ತೊಂಬತ್ತನೆಯ ಮನೆಯ ಗುರುಬಸವ್ವ ಬಿಸಿಲಿನಲ್ಲಿ ಕೂತು ದಿಂಬಿನ ಹತ್ತಿ ಬಡಿದು ಹದ ಮಾಡುತ್ತಿದ್ದರಂತೆ. ಎಲ್ಲ ಕಡೆಯೂ ಯಾರೋ ಒಬ್ಬರು ಮುಚ್ಚಿಟ್ಟಿದ್ದರು, ಎಲ್ಲ ಕಡೆಯೂ ಪ್ರೀತಿಯಿಂದಲೇ.

ಕಂಪನಿಯವರು ಹೊಸ ಅಲುಗಾಟಕ್ಕೆ ಒಂದು ಹೆಸರು ಕೇಳಿದರು. ಪಟ್ಟಿ ಬಲ್ಲ ಬೇರೆ ಹೆಸರುಗಳು ನಿದ್ದೆ, ನಡಿಗೆ, ಊಟ, ನಡುಕ. ‘ರೊಟ್ಟಿ’ ಎಂದಿಡೋಣವೆಂದರು ಅಣ್ಣಿಗೇರಿ. ಕುಟ್ಟುವುದು ಮತ್ತು ಹತ್ತಿ ನೆನಪಾಗಿ ಆ ಹೆಸರು ಬಿಟ್ಟರು. ನಾನು ‘ಕೆಲಸ’ ಎಂದೆ. ಅದೇ ಉಳಿಯಿತು.

ಆಸ್ಪತ್ರೆಯಲ್ಲಿ ಉಳಿದಿದ್ದ ಇಬ್ಬರನ್ನೂ ಆ ತಿಂಗಳ ಕೊನೆಗೆ ಅವರವರ ಮನೆಗೆ ತಂದರು. ಒಬ್ಬರು ಬಂದ ದಿನವೇ ಹಂಚು ಕೇಳಿದರಂತೆ. ಗುರುಬಸವ್ವ ಹಾಗಲ್ಲ. ಅವರ ಸಾಲಿನಲ್ಲಿ ಮೂರು ದಿನ ನಿದ್ದೆ, ಊಟ, ನಿದ್ದೆ ಎಂದಷ್ಟೇ ಇತ್ತು. ಊಟವೂ ಚೂರು. ಕರೆದರೆ ಓ ಎನ್ನುತ್ತಾರೆ, ಯಾರೆಂದು ಗುರುತಿಲ್ಲ, ಎಂದು ಅಲ್ಲಿಯವರು ಹೇಳಿದರು.

ನಾಲ್ಕನೆಯ ದಿನ ಮಧ್ಯಾಹ್ನ ಮೂರೂಕಾಲಿಗೆ ಗುರುಬಸವ್ವನ ಔಷಧಿ ನಿಂತಿತು. ಸಾಲು ಕೆಂಪಾಗಲಿಲ್ಲ. ಪಕ್ಕದಲ್ಲಿ ‘ಕೆಲಸ’ ಎಂದು ಬಂತು. ಗೆರೆ ಮೊದಲಿನಷ್ಟು ದಟ್ಟವಾಗಿರಲಿಲ್ಲ. ಕೈಯ ಬಡಿತ ಬಿಡಿಬಿಡಿಯಾಗಿತ್ತು, ನಡುವೆ ದೊಡ್ಡ ಖಾಲಿಗಳಿದ್ದವು. ಅಣ್ಣಿಗೇರಿಯವರನ್ನು ಕರೆದೆ. ಅವರು ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತರು.

ಹನ್ನೊಂದು ನಿಮಿಷ ನಡೆಯಿತು. ಅಷ್ಟೂ ಹೊತ್ತು ಔಷಧಿ ಕಾದು ನಿಂತಿತ್ತು. ಆಮೇಲೆ ಕೈ ನಿಂತಿತು, ನಾಡಿ ಇಳಿಯಿತು, ಔಷಧಿ ಹರಿಯತೊಡಗಿತು.